ಒಂಬತ್ತು ನಗುಮುಖ

ಪ್ರೀತಿಯ ಅಕ್ಕ,

ನೀನು ಹೋಗಿ ಐದು ವಾರವಾಯಿತು. ನನಗೆ ಅಳು ಬಂದಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೇನೆ, ಆಸ್ಪತ್ರೆಗೆ ಹೋಗುತ್ತೇನೆ, ಮನೆಗೆ ಹೊರಟ ರೋಗಿಗಳ ಮುಂದೆ, ನಿಮ್ಮನ್ನು ಹೇಗೆ ನೋಡಿಕೊಂಡರು ಅಂತ ಕೇಳುವ ಅದೇ ಹಾಳೆ ಹಿಡಿಯುತ್ತೇನೆ. ಒಂಬತ್ತು ಪ್ರಶ್ನೆ, ಪ್ರತಿಯೊಂದರ ಎದುರು ಐದು ಮುಖ, ಅಳುಮುಖದಿಂದ ನಗುಮುಖದವರೆಗೆ. ನಿನ್ನ ಹಾಳೆಯ ವಿಷಯಕ್ಕೇ ಈ ಕಾಗದ.

ಈ ಕೆಲಸದ ಗುಟ್ಟು ಹೇಳಿ ಹೇಳಿ ನಿನ್ನ ತಲೆ ತಿಂದಿದ್ದೆ. ಎರಡು ಗಂಟೆ ಕಾದವರೂ, ಯಾಕೆ ತಡ ಅಂತ ಯಾರಾದರೂ ಬಂದು ಹೇಳಿದ್ದರೆ ನಗುಮುಖಕ್ಕೇ ಗುರುತು ಹಾಕುತ್ತಾರೆ. ಅರ್ಧ ಗಂಟೆ ಕಾದರೂ ಯಾರೂ ತಿರುಗಿ ನೋಡದಿದ್ದರೆ ಅಳುಮುಖ. ಕೊಟ್ಟ ಔಷಧಿಗಿಂತ, ಡಾಕ್ಟರು ಕುರ್ಚಿ ಎಳೆದು ಕೂತರೋ ಇಲ್ಲವೋ ಎಂಬುದಕ್ಕೇ ಹೆಚ್ಚು ಅಂಕ. ಹಾಳೆ ಹಿಡಿದವರು ಯಾರು ಅನ್ನುವುದರಿಂದಲೂ ಉತ್ತರ ಬದಲಾಗುತ್ತದೆ. ಅದಕ್ಕೇ ಮನೆಯವರ ಹಾಳೆಯನ್ನು ಬೇರೆಯವರು ತುಂಬಿಸಬೇಕು ಎಂಬ ನಿಯಮ. ನಿನ್ನದನ್ನು ನಾನೇ ತಂದೆ. ನಮ್ಮಕ್ಕನ ಹತ್ತಿರ ಅಂಕ ಗಿಟ್ಟಿಸುವುದು ಸುಲಭವಲ್ಲ ಅಂತ ಎಲ್ಲರ ಮುಂದೆ ಜಂಬ ಕೊಚ್ಚಿಕೊಂಡು ತಂದೆ.

ನೀನೋ, ತೋಳು ಅರ್ಧ ಅಂಗುಲ ಉದ್ದವಾಯಿತು ಅಂತ ದರ್ಜಿಯ ಕೈಲಿ ಮೂರು ಸಲ ಹೊಲಿಗೆ ಬಿಚ್ಚಿಸಿದವಳು. ಚಹಾ ಆರಿದ್ದರೆ ಲೋಟ ವಾಪಸ್ ಕಳಿಸುವವಳು. ಅಂಥವಳು ಹೊಟ್ಟೆಯ ಆಪರೇಷನ್ನಾದ ನಾಲ್ಕನೇ ದಿನ, ದಿಂಬಿಗೆ ಒರಗಿ, ಒಂಬತ್ತಕ್ಕೆ ಒಂಬತ್ತೂ ನಗುಮುಖಕ್ಕೇ ಗುರುತು ಹಾಕಿದೆ. ನೋವು ಅಂದಾಗ ತಕ್ಷಣ ಬಂದು ನೋಡಿದರೇ ಎಂಬ ಆರನೆಯ ಪ್ರಶ್ನೆಗೂ ಅದೇ. ನಾನು ಅನುಮಾನ ಪಡಬೇಕಿತ್ತು. ಖುಷಿಪಟ್ಟೆ. ಸಂಜೆ ಮನೆಗೆ ಕರೆತಂದೆ. ಎರಡನೇ ದಿನ ಜ್ವರ ಏರಿತು. ವಾಪಸ್ ಕರೆದೊಯ್ಯುವಷ್ಟರಲ್ಲಿ ಒಳಗಿನ ಹೊಲಿಗೆ ಬಿಟ್ಟು ಸೋಂಕು ಮೈಗೆಲ್ಲ ಹಬ್ಬಿತ್ತು. ಆಮೇಲೆ ನೀನು ಒಂದು ವಾರ ಇದ್ದೆ, ಅಷ್ಟೇ.

ನೀನು ಹೋದ ಮೇಲೆ, ಮೊದಲ ಸಲ ನಿನ್ನ ಪಕ್ಕದ ಹಾಸಿಗೆಯಲ್ಲಿದ್ದ ಅಜ್ಜಿ ತಾವು ಮನೆಗೆ ಹೊರಟ ದಿನ ಹೇಳಿದರು: "ನಿಮ್ಮಕ್ಕ ಮನೆಗೆ ಹೋಗೋಕೆ ಮುಂಚೆ ಎರಡು ದಿನ ಹೊಟ್ಟೆ ಹಿಡ್ಕೊಂಡೇ ಇದ್ರು ಕಣಮ್ಮ. ನರ್ಸ್‌ಗೆ ಹೇಳಿ ಅಂದೆ. ಬೇಡ, ನನ್ನ ತಂಗಿ ಇಲ್ಲೇ ಕೆಲಸ ಮಾಡೋದು, ನಾನು ತಕರಾರು ತೆಗೆದ್ರೆ ಅವಳಿಗೆ ತೊಂದ್ರೆ ಅಂದ್ರು."

ಅಜ್ಜಿಯ ಹಾಳೆ ತುಂಬಿಸಿಕೊಂಡು ಮುಂದಿನ ಹಾಸಿಗೆಗೆ ಹೋದೆ. ಆ ತಿಂಗಳು ಅಂಕದಲ್ಲಿ ನಿನ್ನ ವಾರ್ಡಿಗೇ ಮೊದಲ ಸ್ಥಾನ ಬಂತು.

ನಿನ್ನೆ ರಜೆ. ಮನೆಯಲ್ಲಿದ್ದಾಗ ಆಫೀಸಿನಿಂದ ಫೋನು. ತೀರಿಕೊಂಡವರ ಮನೆಯವರನ್ನೂ ಅದೇ ಒಂಬತ್ತು ಪ್ರಶ್ನೆ ಕೇಳುವ ಪದ್ಧತಿ ನಮ್ಮಲ್ಲಿದೆ. ಈ ಸಲ ನಿಯಮದಂತೆ ಬೇರೆಯವರೇ, ನನ್ನ ಪಕ್ಕದ ಮೇಜಿನವಳು, ಕೇಳಿದಳು. ಆರನೆಯದಕ್ಕೆ ಬಂದಾಗ ಅವಳ ದನಿ ಇಳಿಯಿತು.

"ನಿಂಗೆ ಹೇಗನ್ಸುತ್ತೋ ಹಾಗೇ ಹೇಳೇ, ನಾನು ಹಾಗೇ ಬರ್ಕೋತೀನಿ" ಅಂದಳು.

ಹೇಳಬೇಕೆಂದೇ ಬಾಯಿ ತೆರೆದೆ. ಕೊನೆಯ ವಾರ ದಿನಾ ನಿನ್ನ ತಲೆ ಬಾಚಿ ಜಡೆ ಹಾಕುತ್ತಿದ್ದ ನರ್ಸು ನೆನಪಿಗೆ ಬಂದಳು. ನಾಳೆ ಅವಳ ಎದುರೇ ಓಡಾಡಬೇಕು.

"ಚೆನ್ನಾಗೇ ನೋಡ್ಕೊಂಡ್ರು" ಅಂದೆ. ಅವಳು ಬರೆದುಕೊಂಡು ಏಳನೆಯದನ್ನು ಕೇಳಿದಳು.

ನಿನ್ನನ್ನು ಬೈಯೋಣ ಅಂತಲೇ ಈ ಕಾಗದ ಬರೆಯಲು ಕೂತಿದ್ದೆ ಅಕ್ಕ. ಈಗ ಬೈಯಲೂ ಆಗುತ್ತಿಲ್ಲ. ನೀನಿರುವಲ್ಲಿ ಯಾರಾದರೂ ಹೇಗಿದ್ದೀಯ ಅಂತ ಕೇಳಿದರೆ, ನನಗೆ ತೊಂದರೆಯಾದೀತು ಅಂತ ಯೋಚಿಸಬೇಡ. ನೋವಿದ್ದರೆ ನೋವಿದೆ ಅನ್ನು.

ನೆಮ್ಮದಿಯಾಗಿರು.

ನಿನ್ನ ತಂಗಿ