ಹದಿನೇಳನೆಯ ಟ್ಯೂಬ್

ವಾಕಡ, ಪುಣೆ

ಅವಧೂತ ಸರ್ ಅವರಿಗೆ ನಮಸ್ಕಾರ.

ಅವ್ವನ ಉತ್ತರಕ್ರಿಯೆ ಮುಗಿಯಿತು. ಸೋಮವಾರದಿಂದ ಲ್ಯಾಬಿಗೆ ಬರುತ್ತೇನೆ.

ಫ್ರೀಜರಿನ ಹದಿನೇಳನೆಯ ಟ್ಯೂಬಿನಲ್ಲಿರುವುದು ಅವಳ ಗಡ್ಡೆಯ ತುಣುಕು. ನಾನು ಒಪ್ಪಿಗೆಪತ್ರ ಮುಂದಿಟ್ಟಾಗ, “ಇದರಾಗ ಏನ್ ನೋಡ್ತೀರವ್ವಾ?” ಎಂದು ಕೇಳಿದ್ದಳು.

“ಯಾವ ಜೀನು ಎಚ್ಚರ ಅದ, ಯಾವುದು ಮಲಗೇದ ಅಂತ ನೋಡ್ತೀವಿ.”

“ಮಲಗಿದ್ದನ್ನ ಎಬ್ಬಿಸಲಿಕ್ಕೆ ಬರ್ತದೇನು?”

“ಇನ್ನೂ ಇಲ್ಲ.”

“ಇರಲಿ, ತಗೋ” ಎಂದು ಸಹಿ ಹಾಕಿದ್ದಳು.

ಜೀನುಗಳ ಸುಳಿವು ಕೊಡುವ ಆರ್‌ಎನ್‌ಎಯನ್ನು ಅದರಿಂದ ತೆಗೆಯುವ ಕೆಲಸ ಅಮೇಯನಿಗೆ ವಹಿಸಿದ್ದೀರಂತೆ. ದಯವಿಟ್ಟು ನನಗೇ ಕೊಡಿ. ತುಣುಕು ಕರಗುವ ಮೊದಲೇ ಅರೆಯಬೇಕು. ನಾನು ತಡ ಮಾಡುವುದಿಲ್ಲ. ಇಷ್ಟು ದಿನವಾದರೂ ಅಳು ಬಂದಿಲ್ಲ. ಆ ಕೆಲಸಕ್ಕೆ ಬೇಕಾದ ಒಂದು ತಾಸು ಕೋಣೆಯಲ್ಲಿ ಬೇರೆ ಯಾರೂ ಇರದಿದ್ದರೆ ಸಾಕು.

ನಿಮ್ಮ ವಿದ್ಯಾರ್ಥಿನಿ,
ಮಂಜರಿ