ಒಂದೇ ಅಕ್ಷರದ ಸ್ವಾಗತ

ಮದ್ದೂರು,
೧೨-೨-೨೦೨೫, ಬುಧವಾರ

ಪ್ರೀತಿಯ ಗೌತಮಿ ಅಕ್ಕಾ,

ಹೇಗಿದ್ದೀಯ? ಸಾಹಿಲ್ ಭಾವ ಚೆನ್ನಾಗಿದ್ದಾರಾ? ಮಾಹೀನ್‌ಗೆ ಹಲ್ಲು ಬರುವ ಜ್ವರ ಕಾಡುತ್ತಿದೆಯೆಂದು ನಿನ್ನ ಗೆಳತಿ ಪ್ರಿಯಾಂಕ ಹೇಳಿದಳು. ಈಗ ಬಿಟ್ಟಿತೇ? ಅಪ್ಪನ ಮಂಡಿನೋವು ಹಾಗೇ ಇದೆ, ಸಿಡುಕೂ ಹಾಗೇ ಇದೆ. ನೀನು ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀಯ. ಮಾಡಬೇಕಾದ್ದೇ, ನನ್ನ ಮೇಲೆ ನನಗೇ ಸಿಟ್ಟಿದೆ. ಅದಕ್ಕೇ ಈ ಕಾಗದ. ಹರಿದು ಬಿಸಾಡುವ ಮುಂಚೆ ಒಮ್ಮೆ ಓದು.

ಸುದ್ದಿ ಏನೆಂದರೆ, ನಾನು ಪಾಠ ಮಾಡುವ ಮಂಡ್ಯದ ಕಾಲೇಜಿನಲ್ಲಿ ಮೇಷ್ಟರುಗಳಿಗೂ ಒಂದು ಸ್ಪರ್ಧೆ ಇಟ್ಟಿದ್ದರು. ಕಂಪ್ಯೂಟರ್ ಪರದೆಯ ಮೇಲೆ ಒಂದು ಕಿಟಕಿ ತೆರೆದುಕೊಳ್ಳಬೇಕು, ಅದರಲ್ಲಿ ಸ್ವಾಗತದ ಮಾತು ಕನ್ನಡದಲ್ಲಿ ಕಾಣಬೇಕು, ಯಾರ ಪ್ರೋಗ್ರಾಂ ಎಲ್ಲಕ್ಕಿಂತ ಚಿಕ್ಕದೋ ಅವರು ಗೆದ್ದಂತೆ. ನಿನಗೆ ಗೊತ್ತಲ್ಲ, ನಾನು ಹಿಡಿದರೆ ಉಡದ ಪಟ್ಟು. ನಲವತ್ತು ಸಾಲು ಬರೆದವನು ಬಣ್ಣ ತೆಗೆದೆ, ಒತ್ತುವ ಗುಂಡಿಗಳನ್ನು ತೆಗೆದೆ, ಕಿಟಕಿಯ ಅಳತೆ ತೆಗೆದೆ, ಎರಡೇ ಸಾಲಿಗೆ ಇಳಿಸಿದೆ. "ನಮಸ್ಕಾರ" ಉದ್ದವಾಯಿತೆಂದು "ಬನ್ನಿ" ಮಾಡಿದೆ. ಲ್ಯಾಬ್ ಗುಡಿಸಲು ಬಂದ ದುದ್ದ ಹಳ್ಳಿಯ ಪಟ್ಟಲಮ್ಮ ಇಣುಕಿ ನೋಡಿ, "ಬಾ ಅಂದ್ರೆ ಸಾಕು ಬುಡಿ ಸಾ, ನಮ್ಮೂರಲ್ಲಿ ಅಷ್ಟೇಯ ಅನ್ನದು" ಅಂದಳು. ಹಾಕಿದೆ, ಗೆದ್ದೆ. ಸ್ಟೀಲ್ ಫ್ಲಾಸ್ಕ್ ಕೊಟ್ಟರು, ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ತಲೆ ಎತ್ತಲಾಗಲಿಲ್ಲ.

ಬಾ ಅನ್ನದ ಮನೆಯ ಹೊಸಿಲು ತುಳಿಯಬಾರದು ಎಂದು ನಮ್ಮಿಬ್ಬರಿಗೂ ಕಲಿಸಿ ಹೋದವಳು ಅಮ್ಮ. ನೀನು ಸಾಹಿಲ್ ಭಾವನನ್ನು ಮದುವೆಯಾದ ದಿನವೇ ಅಪ್ಪ, "ಅವಳು ಬಂದ್ರೆ ಯಾರೂ ಬಾ ಅನ್ನಕೂಡದು" ಎಂದು ಕಟ್ಟಪ್ಪಣೆ ಮಾಡಿದ್ದರು. ಆದರೂ ದೀಪಾವಳಿಗೆ ಮಗುವನ್ನು ತೋರಿಸಲು ಮಲವಳ್ಳಿಯಿಂದ ಬಂದು ಗೇಟಿನ ಹತ್ತಿರ ನಿಂತೆ. ಅಪ್ಪ ಜಗಲಿಯ ಮೇಲೆ ಪೇಪರ್ ಅಡ್ಡ ಹಿಡಿದು ಕೂತರು. ನಾನು ಒಳಗೆ ಕಿಟಕಿಯ ಸರಳು ಹಿಡಿದು ನಿಂತಿದ್ದೆ. ನೀನು ನನ್ನನ್ನೇ ನೋಡಿದೆ. ಒಂದಕ್ಷರ ಸಾಕಿತ್ತು, ಬಾಯಿಗೆ ಬಂದದ್ದನ್ನು ನುಂಗಿದೆ. ಕೊನೆಗೆ ನೀನು "ಮಾಮಂಗೆ ಟಾಟಾ ಮಾಡು ಕಂದ" ಎಂದೆ. ಮಗು ಕೈ ಆಡಿಸಿತು, ನೀನು ತಿರುಗಿ ಬಸ್‌ಸ್ಟ್ಯಾಂಡಿನ ಕಡೆ ನಡೆದೆ. ಮೂವತ್ತು ದಾಟಿದ ಗಂಡಸು, ಅಪ್ಪನಿಗೆ ಹೆದರಿದೆ ಅಕ್ಕಾ. ಹೇಡಿ ನಾನು. ಕಂಡವರಿಗೆಲ್ಲ ಬಾ ಅನ್ನುವುದನ್ನು ಕಂಪ್ಯೂಟರಿಗೆ ಕಲಿಸಿ ಬಹುಮಾನ ತಂದೆ, ಒಡಹುಟ್ಟಿದವಳಿಗೆ ಅನ್ನಲಿಲ್ಲ. ಆ ಫ್ಲಾಸ್ಕಿನಲ್ಲಿ ಇವತ್ತಿನವರೆಗೂ ಕಾಫಿ ಕುಡಿದಿಲ್ಲ.

ಭಾವನಿಗೆ ನನ್ನ ನಮಸ್ಕಾರ ತಿಳಿಸು, ಇದನ್ನು ಚಿಕ್ಕದು ಮಾಡುವುದಿಲ್ಲ. ಮಾಹೀನ್‌ಗೆ ಮಾಮನ ಮುತ್ತು.

ನಿನ್ನ ತಮ್ಮ,
ವಿಷ್ಣು

ಮರೆತೆ, ಲಕೋಟೆ ಅಂಟಿಸುವ ಮೊದಲು: ಇಪ್ಪತ್ಮೂರನೇ ತಾರೀಕು ಭಾನುವಾರ. ಅಪ್ಪನನ್ನು ಕೇಳಿಲ್ಲ, ಕೇಳುವುದೂ ಇಲ್ಲ. ಅವರು ಜಗಲಿಯ ಮೇಲೇ ಇರುತ್ತಾರೆ. ಬೆಳಿಗ್ಗೆ ಹತ್ತರಿಂದ ನಾನು ಗೇಟಿನ ಹೊರಗೆ ರಸ್ತೆಯಲ್ಲಿ ನಿಂತಿರುತ್ತೇನೆ, ಅವರಿಗೂ ಕೇಳುವ ಹಾಗೆ ಕೂಗುತ್ತೇನೆ. ಭಾವನಿಗೆ "ಬನ್ನಿ", ಒಂದಕ್ಷರ ಹೆಚ್ಚಾದರೆ ಆಗಲಿ. ನಿನಗೆ ಇಷ್ಟೇ ಅಕ್ಕಾ: ಬಾ.