ಆರತಿ ನೀರು, ಕಾರವಾರದ ಕಡಲು

ಮಧುರೆ, ದೊಡ್ಡಬಳ್ಳಾಪುರ ತಾಲ್ಲೂಕು
೧೨-೫-೧೯೭೪

ನನ್ನ ಮುದ್ದು ರತ್ನಾ,

ನಾವೆಲ್ಲ ಚೆನ್ನಾಗಿದ್ದೇವೆ. ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ, ಅದೊಂದು ಬಿಟ್ಟು ಕಾರವಾರದ ಸಮುದ್ರದ ಸಮಾಚಾರವನ್ನೆಲ್ಲ ಬರೆಯುತ್ತೀಯಲ್ಲೇ! ಆದರೂ ಓದಿದೆ ಕಣೇ. ಒಲೆ, ರೈಲು, ಕಾರ್ಖಾನೆ ಬಿಡುವ ಇಂಗಾಲದ ಡೈ ಆಕ್ಸೈಡನ್ನು ಸಮುದ್ರ ಕುಡಿಯುತ್ತದೆ, ಕುಡಿದಷ್ಟೂ ಅದರ ಕ್ಷಾರ ಇಳಿದು ಹುಳಿಯ ಕಡೆ ವಾಲುತ್ತದೆ, ಆಮೇಲೆ ಚಿಪ್ಪಿನ ಜೀವಗಳಿಗೆ ಚಿಪ್ಪು ಕಟ್ಟುವುದೇ ಕಷ್ಟ ಅಂತ ನೀನು ಬರೆದಿದ್ದೆ. ಸೋಡಾದಲ್ಲಿರುವುದೂ ಅದೇ ಗಾಳಿ ಅಂದಿದ್ದೆ. ದೊಡ್ಡಬಳ್ಳಾಪುರಕ್ಕೆ ಹೋದಾಗ ರೈಲಿನ ಹೊಗೆ ಕಂಡರೆ ನಿನ್ನ ಸಮುದ್ರ ನೆನಪಾಗಿ ಅಯ್ಯೋ ಅನ್ನಿಸುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಗುರುವಾರ ದೇವನಹಳ್ಳಿಯಿಂದ ಹುಡುಗನ ಕಡೆಯವರು ಮನೆ ನೋಡಲು ಬಂದಿದ್ದರು. ಮದುವೆಯಾದ ಮೇಲೆ ನೀನು ಸಮುದ್ರದ ನೀರಿನ ಕ್ಷಾರ ಅಳೆಯುವ ಕೆಲಸ ಬಿಡಬೇಕು ಅಂತ ಹುಡುಗನ ತಂದೆ ಆದಿನಾರಾಯಣಪ್ಪನವರು ಮೊದಲೇ ಹೇಳಿ ಕಳಿಸಿದ್ದರು. ನಿಮ್ಮಪ್ಪ ಹೂಂ ಅಂದುಬಿಟ್ಟಿದ್ದರು. ನನಗೆ ಒಪ್ಪಿಗೆಯಿರಲಿಲ್ಲ.

ನಿಮ್ಮ ಪಾಪಮ್ಮತ್ತೆ ಅರಿಶಿನಕ್ಕೆ ಸುಣ್ಣ ಕದಡಿ ಕೆಂಪಗೆ ಆರತಿ ನೀರು ಮಾಡಿಟ್ಟಿದ್ದಳು. ಹೊಸಿಲಿಗೆ ತರುವಷ್ಟರಲ್ಲಿ ನೀರು ಹಳದಿ! ಹುಡುಗನ ತಾಯಿ ಅಪಶಕುನ ಅಂದರು. ಆದಿನಾರಾಯಣಪ್ಪನವರು ಬಿಟ್ಟ ಚಪ್ಪಲಿ ಮತ್ತೆ ಮೆಟ್ಟಿಕೊಂಡರು. ನಿಮ್ಮಪ್ಪ ನನ್ನನ್ನು ನುಂಗುವ ಹಾಗೆ ನೋಡಿದರು.

ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಹುಡುಗ ಸಂಜೀವಪ್ಪ ಮಾತ್ರ ತಟ್ಟೆಯ ಹತ್ತಿರ ಬಗ್ಗಿ, ಹೀಗೇಕಾಯಿತು ಅಂತ ಕೇಳಿದ. ನಿಮಗೆ ಅಂತ ತರಿಸಿದ್ದ ಗೋಲಿ ಸೋಡಾ ಇದಕ್ಕೆ ಚೆಲ್ಲಿರಬೇಕಪ್ಪ, ಅದರ ಗಾಳಿ ಸುಣ್ಣದ ಕ್ಷಾರವನ್ನು ತಿಂದುಹಾಕಿದೆ, ಸಮುದ್ರಕ್ಕೂ ಹೀಗೇ ಆಗುತ್ತಿದೆಯಂತೆ ಅಂದೆ. ಎಲೆ ಅಡಿಕೆ ತಟ್ಟೆಯಿಂದ ಸುಣ್ಣ ತಂದು ಕದಡಿದೆ, ಮತ್ತೆ ಕೆಂಪಾಯಿತು. ಹುಡುಗನ ಮುಖ ಅರಳಿತು. ಹಾಗಾದರೆ ಸಮುದ್ರಕ್ಕೂ ಸುಣ್ಣ ಹಾಕಬಹುದಲ್ಲ ಅಂದ. ಅಷ್ಟು ಸುಣ್ಣ ಎಲ್ಲಿಂದ ತರೋಣಪ್ಪ, ಎಷ್ಟು ಕೆಟ್ಟಿದೆ ಅಂತ ಮೊದಲು ತಿಳಿಯಬೇಕಲ್ಲ, ಅದಕ್ಕೇ ನನ್ನ ಮಗಳು ಅಲ್ಲಿ ಅಳೆಯುತ್ತಿದ್ದಾಳೆ ಅಂದೆ. ಅವನು ತಂದೆಯ ಕಡೆ ತಿರುಗಿ, ಕೆಲಸ ಬಿಡಿಸುವ ಮಾತು ಬೇಡ, ಅಂಚೆ ಕಚೇರಿ ಕಾರವಾರದಲ್ಲೂ ಇದೆ, ನಾನೇ ವರ್ಗ ಕೇಳುತ್ತೇನೆ ಅಂದುಬಿಟ್ಟ. ದೊಡ್ಡವರು ಗೊಣಗುತ್ತಲೇ ಒಳಗೆ ಬಂದು ಕೂತರು. ಒಬ್ಬಟ್ಟನ್ನೇನೂ ಬೇಡ ಅನ್ನಲಿಲ್ಲ.

ಮುಂದಿನ ತಿಂಗಳು ಅವನು ನಿನ್ನನ್ನು ನೋಡಲು ಅಲ್ಲಿಗೇ ಬರುತ್ತಾನಂತೆ. ನನಗಂತೂ ಹಿಡಿಸಿದ. ನಿನಗೆ ಹಿಡಿಸದಿದ್ದರೆ ಸಂಕೋಚವಿಲ್ಲದೆ ಬರಿ, ನಿಮ್ಮಪ್ಪನನ್ನು ನಾನು ನೋಡಿಕೊಳ್ಳುತ್ತೇನೆ.

ನಿನ್ನದೇ ಧ್ಯಾನದಲ್ಲಿರುವ
ಅಮ್ಮ, ಮುತ್ತಮ್ಮ

ವಿ.ಸೂ.: ಸೋಡಾ ತಾನಾಗಿ ಚೆಲ್ಲಲಿಲ್ಲ ಕಣೇ. ಅತ್ತೆ ಬತ್ತಿ ತರಲು ಹೋದಾಗ ಆರತಿ ತಟ್ಟೆಗೆ ನಾನೇ ಸುರಿದೆ. ಹಿಂದಿನ ದಿನವೇ ಅಡುಗೆಮನೆಯಲ್ಲಿ ಮಾಡಿ ನೋಡಿದ್ದೆ. ಬಣ್ಣ ಬದಲಾದರೆ ಹೆದರಿ ಓಡುವವನೋ, ಯಾಕೆ ಅಂತ ಕೇಳುವವನೋ, ನಿನ್ನನ್ನು ಕೊಡುವ ಮುಂಚೆ ನನಗೆ ಗೊತ್ತಾಗಬೇಕಿತ್ತು. ನಿಮ್ಮಪ್ಪನಿಗೆ ಹೇಳಬೇಡ.